ಶೆಕೆಮಿನಲ್ಲಿ ಕಳೆದ ಮೂರು ದಿನ: ಒಡಕು ಎಲ್ಲಿಂದ ಹುಟ್ಟುತ್ತದೆ?

ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯತೆಗಾಗಿ ಪ್ರಾರ್ಥಿಸುವ ವಾರವನ್ನು ನಾವು ಆಚರಿಸುತ್ತೇವೆ. ಆ ವಾರದಲ್ಲಿ ತಪ್ಪದೆ ಕೇಳಿಬರುವ ಒಂದು ವಚನವಿದೆ. ಒಳಗೊಳಗೇ ಸೀಳಿಹೋದ ರಾಜ್ಯಕ್ಕಾಗಲಿ ಮನೆಗಾಗಲಿ ಬಾಳಿಕೆ ಇಲ್ಲವೆಂದು ಪ್ರಭು ಯೇಸು ಹೇಳಿದ ಮಾತು ಅದು (ಮಾರ್ಕ 3:24-25). ವರ್ಷದ ಉಳಿದ ದಿನಗಳಲ್ಲೂ ಈ ವಚನಕ್ಕೆ ಬಿಡುವಿಲ್ಲ. ಪಾಲನಾ ಮಂಡಳಿಯ ಸಭೆಯಲ್ಲಿ ಯಾರಾದರೂ ಎದ್ದು ನಿಂತು ಲೆಕ್ಕ ಕೇಳಿದರೆ, ಹಬ್ಬದ ಖರ್ಚಿನ ಬಗ್ಗೆ ತಕರಾರು ತೆಗೆದರೆ, ಒಡನೆ ಮುಂದಿನ ಸಾಲಿನಿಂದ ಈ ಮಾತು ಬರುತ್ತದೆ. ಹಿಂದಿನ ಸಾಲಿನವರು ಕುಳಿತುಕೊಳ್ಳುತ್ತಾರೆ. ಸಭೆ ಶಾಂತವಾಗಿ ಮುಗಿಯುತ್ತದೆ.

ಆದರೆ ಆತ್ಮೀಯ ಓದುಗರೇ, ಪ್ರಭು ಈ ಮಾತನ್ನು ಯಾರ ಬಾಯಿ ಮುಚ್ಚಿಸಲು ಹೇಳಿದರು? ಮಾರ್ಕನ ಶುಭಸಂದೇಶವನ್ನು ತೆರೆದು ಹಿಂದುಮುಂದಿನ ಸಾಲುಗಳನ್ನು ಓದಿ ನೋಡಬೇಕು. ಜೆರುಸಲೇಮಿನಿಂದ ಬಂದ ಧರ್ಮಶಾಸ್ತ್ರಿಗಳು, ಅಂದರೆ ಆಗಿನ ಮುಂದಿನ ಸಾಲಿನವರು, ಯೇಸು ದೆವ್ವಗಳ ಒಡೆಯನ ಸಹಾಯದಿಂದಲೇ ದೆವ್ವ ಬಿಡಿಸುತ್ತಾನೆ ಎಂದು ಆರೋಪಿಸಿದ್ದರು. ಸೈತಾನನೇ ಸೈತಾನನನ್ನು ಓಡಿಸಿದರೆ ಅವನ ರಾಜ್ಯ ಉಳಿದೀತೇ ಎಂದು ಪ್ರಭು ಅವರಿಗೆ ಮರುಪ್ರಶ್ನೆ ಹಾಕುತ್ತಾರೆ. ನೊಂದವರನ್ನು ಬಿಡುಗಡೆ ಮಾಡುವ ಕೆಲಸವನ್ನು ಹೀಗಳೆದ ಅಧಿಕಾರಸ್ಥರಿಗೆ ಕೊಟ್ಟ ಉತ್ತರ ಅದು. ಅಹವಾಲು ಹೊತ್ತು ಬಂದ ಬಡವನಿಗೆ ಹೇಳಿದ ಬುದ್ಧಿಮಾತಲ್ಲ.

ಈ ವಚನವನ್ನು ಒಂದು ರಾಷ್ಟ್ರದ ಮುಂದೆ ಇಟ್ಟವರಲ್ಲಿ ಅಬ್ರಹಾಂ ಲಿಂಕನ್ ಪ್ರಸಿದ್ಧರು. 1858ರ ಜೂನ್ 16ರಂದು ಅಮೆರಿಕದ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ ಮಾಡಿದ ಭಾಷಣದಲ್ಲಿ ಅವರು ಇದನ್ನು ಬಳಸಿದರು. ಅರ್ಧ ದೇಶದಲ್ಲಿ ಗುಲಾಮರು, ಇನ್ನರ್ಧದಲ್ಲಿ ಸ್ವತಂತ್ರರು, ಹೀಗೆ ಒಂದು ದೇಶ ಶಾಶ್ವತವಾಗಿ ನಡೆಯದು ಎಂಬುದು ಅವರ ವಾದ. ಗುಲಾಮಗಿರಿಯ ಮಾತೆತ್ತಿ ದೇಶ ಒಡೆಯಬೇಡಿ ಎಂದು ಅವರು ಹೇಳಲಿಲ್ಲ. ಆ ಅನ್ಯಾಯವೇ ಒಡಕು ಎಂದರು. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಆ ದೇಶದ ಕ್ರೈಸ್ತ ಸಭೆಗಳು ದೇಶಕ್ಕಿಂತ ಮೊದಲೇ ಒಡೆದಿದ್ದವು ಎಂಬುದನ್ನು ನಾವು ಮರೆಯಬಾರದು. ಗುಲಾಮರನ್ನು ಇಟ್ಟುಕೊಳ್ಳಬಹುದೇ ಎಂಬ ಪ್ರಶ್ನೆಯ ಮೇಲೆ ಮೆಥಡಿಸ್ಟರೂ ಬ್ಯಾಪ್ಟಿಸ್ಟರೂ 1845ರ ಹೊತ್ತಿಗೆ ಉತ್ತರ, ದಕ್ಷಿಣ ಎಂದು ಬೇರೆಯಾಗಿದ್ದರು. ದಕ್ಷಿಣದ ಬ್ಯಾಪ್ಟಿಸ್ಟರು ಗುಲಾಮಗಿರಿಯನ್ನು ಸಮರ್ಥಿಸಿದ್ದಕ್ಕೆ ಬಹಿರಂಗವಾಗಿ ಕ್ಷಮೆ ಕೇಳಿದ್ದು 1995ರಲ್ಲಿ. ಅಷ್ಟರಲ್ಲಿ 150 ವರ್ಷ ಕಳೆದಿತ್ತು.

ಸೊಲೊಮೋನನ ಮಗನ ಕಥೆ

ಒಂದು ರಾಷ್ಟ್ರ ಹೇಗೆ ಒಡೆಯುತ್ತದೆ ಎಂಬುದನ್ನು ಪವಿತ್ರ ಬೈಬಲ್ ಒಂದೇ ಅಧ್ಯಾಯದಲ್ಲಿ, ಕಣ್ಣಿಗೆ ಕಟ್ಟುವಂತೆ ಹೇಳಿದೆ. ಅದು ಅರಸುಗಳ ಮೊದಲನೆಯ ಗ್ರಂಥದ 12ನೆಯ ಅಧ್ಯಾಯ. ಭಾನುವಾರದ ವಾಚನಗಳಲ್ಲಿ ಇದನ್ನು ನಾವು ಕೇಳುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ.

ಸೊಲೊಮೋನನೆಂದರೆ ನಮಗೆ ನೆನಪಾಗುವುದು ಜ್ಞಾನ ಮತ್ತು ಮಹಾದೇವಾಲಯ. ದೇವಾಲಯ ಕಟ್ಟಲು ಏಳು ವರ್ಷ ಹಿಡಿಯಿತು, ಅವನ ಸ್ವಂತ ಅರಮನೆಗೆ ಹದಿಮೂರು ವರ್ಷ. ಇದಕ್ಕೆಲ್ಲ ಕೈಗಳು ಬೇಕಲ್ಲ? ಲೆಬನೋನಿನಿಂದ ಮರ ತರಲು ಇಸ್ರಯೇಲಿನಿಂದ 30,000 ಜನರನ್ನು ಬಿಟ್ಟಿ ದುಡಿಮೆಗೆ ಹಿಡಿಯಲಾಯಿತು. ತಿಂಗಳಿಗೆ ಹತ್ತು ಸಾವಿರ ಜನರಂತೆ ಸರದಿ: ಒಂದು ತಿಂಗಳು ಲೆಬನೋನಿನಲ್ಲಿ, ಎರಡು ತಿಂಗಳು ಮನೆಯಲ್ಲಿ. ಹೊರೆ ಹೊರುವವರು 70,000, ಬೆಟ್ಟದಲ್ಲಿ ಕಲ್ಲು ಕಡಿಯುವವರು 80,000. ಅರಮನೆಯ ಊಟಕ್ಕೆ ದಿನಕ್ಕೆ 30 ಎತ್ತು ಹೋರಿಗಳು, 100 ಕುರಿಗಳು, ಮೇಲೆ ಜಿಂಕೆ, ಕೋಳಿ. ಇದನ್ನು ಪೂರೈಸಲು ದೇಶವನ್ನು ಹನ್ನೆರಡು ಭಾಗ ಮಾಡಿ, ಒಂದೊಂದು ಭಾಗಕ್ಕೆ ವರ್ಷದಲ್ಲಿ ಒಂದು ತಿಂಗಳ ಪಾಳಿ ಹಚ್ಚಲಾಗಿತ್ತು. ಈ ಅಂಕಿಗಳನ್ನು ಗ್ರಂಥಕರ್ತ ಸೊಲೊಮೋನನ ವೈಭವ ತೋರಿಸಲು ಬರೆದನೆಂದು ನಾವು ಓದಿಕೊಂಡು ಹೋಗುತ್ತೇವೆ. ಹೊರೆ ಹೊತ್ತವನ ಕಡೆಯಿಂದ ಓದಿದರೆ ಅದೇ ಅಂಕಿಗಳು ಬೇರೆ ಕಥೆ ಹೇಳುತ್ತವೆ.

ಕ್ರಿಸ್ತಪೂರ್ವ ಸುಮಾರು 930ರಲ್ಲಿ ಸೊಲೊಮೋನ ತೀರಿಕೊಂಡ. ಮಗ ರೆಹಬ್ಬಾಮ ಪಟ್ಟಕ್ಕಾಗಿ ಶೆಕೆಮಿಗೆ ಹೋದ. ಉತ್ತರದ ಕುಲಗಳವರು ಅಲ್ಲಿ ಅವನ ಮುಂದೆ ಇಟ್ಟ ಬೇಡಿಕೆ ಒಂದೇ. ನಿನ್ನ ತಂದೆ ನಮ್ಮ ಹೆಗಲ ಮೇಲೆ ಭಾರವಾದ ನೊಗ ಇಟ್ಟಿದ್ದ, ಅದನ್ನು ಹಗುರ ಮಾಡು, ನಾವು ನಿನ್ನ ಸೇವೆ ಮಾಡುತ್ತೇವೆ. ಗಮನಿಸಿ, ಅವರು ಬೇರೆ ರಾಜ್ಯ ಕೇಳಲಿಲ್ಲ, ಬೇರೆ ಅರಸ ಬೇಕು ಎನ್ನಲಿಲ್ಲ. ಜೊತೆಯಲ್ಲಿ ಇರುತ್ತೇವೆ ಎಂದೇ ಬಂದಿದ್ದರು.

ರೆಹಬ್ಬಾಮ ಮೂರು ದಿನ ಸಮಯ ಕೇಳಿದ. ತಂದೆಯ ಕಾಲದ ಹಿರಿಯರನ್ನು ಕರೆಸಿದ. ಇವತ್ತು ನೀನು ಇವರ ಸೇವಕನಾದರೆ ಇವರು ಎಂದೆಂದೂ ನಿನ್ನವರಾಗಿರುತ್ತಾರೆ ಎಂದು ಅವರು ಹೇಳಿದರು. ಅರಸನಿಗೆ ರುಚಿಸಲಿಲ್ಲ. ತನ್ನೊಡನೆ ಬೆಳೆದ ಗೆಳೆಯರನ್ನು ಕೇಳಿದ. ಅಪ್ಪನ ಸೊಂಟಕ್ಕಿಂತ ನನ್ನ ಕಿರುಬೆರಳೇ ದಪ್ಪ ಎಂಬಂಥ ಉತ್ತರ ಕೊಡು, ಅವನು ಚಾಟಿಯಿಂದ ಹೊಡೆದಿದ್ದರೆ ನೀನು ಚೇಳಿನಿಂದ ಹೊಡೆಯುತ್ತೇನೆಂದು ಹೇಳು ಎಂದರು ಅವರು. ಮೂಲ ಹೀಬ್ರೂ ಭಾಷೆಯಲ್ಲಿ ಈ ಗೆಳೆಯರಿಗೆ ಬಳಸಿದ ಪದದ ಅರ್ಥ 'ಮಕ್ಕಳು', 'ಹುಡುಗರು' ಎಂದು. ಆಗ ರೆಹಬ್ಬಾಮನ ವಯಸ್ಸು 41 ಎಂದು ಮುಂದೆ 14ನೆಯ ಅಧ್ಯಾಯ ಹೇಳುತ್ತದೆ. ನಲವತ್ತು ದಾಟಿದ ಹುಡುಗರು! ನಮ್ಮ ಯುವಜನರ ಮೇಲೆ ತಪ್ಪು ಹಾಕಲು ಈ ಅಧ್ಯಾಯವನ್ನು ಬಳಸುವವರು ಇದನ್ನು ನೆನಪಿಡುವುದು ಒಳ್ಳೆಯದು.

ಮೂರನೆಯ ದಿನ ಅರಸ ಗೆಳೆಯರು ಹೇಳಿಕೊಟ್ಟ ಉತ್ತರವನ್ನೇ ಕೊಟ್ಟ. ಜನ ದಾವೀದನ ಮನೆತನದೊಂದಿಗೆ ನಮಗೇನು ಸಂಬಂಧ ಎಂದು ಕೇಳಿ ತಮ್ಮ ತಮ್ಮ ಡೇರೆಗಳಿಗೆ ಹೊರಟುಹೋದರು. ಸಮಾಧಾನ ಮಾಡಲು ರೆಹಬ್ಬಾಮ ಕಳುಹಿಸಿದ್ದು ಯಾರನ್ನು? ಬಿಟ್ಟಿ ದುಡಿಮೆಯ ಮೇಲ್ವಿಚಾರಕ ಅದೋರಾಮನನ್ನು! ಜನರು ಅವನನ್ನು ಕಲ್ಲೆಸೆದು ಕೊಂದರು. ಅರಸ ರಥ ಹತ್ತಿ ಜೆರುಸಲೇಮಿಗೆ ಓಡಿದ. ದಾವೀದ ಕಟ್ಟಿದ ರಾಜ್ಯ ಒಡೆದದ್ದು ಹೀಗೆ.

ಈ ಒಡಕಿಗೆ ಪವಿತ್ರ ಗ್ರಂಥ ಕೊಡುವ ಕಾರಣ ಒಂದಲ್ಲ. ಸೊಲೊಮೋನ ಮುಪ್ಪಿನಲ್ಲಿ ಅನ್ಯದೇವರುಗಳ ಕಡೆಗೆ ತಿರುಗಿದ್ದು ಒಂದು ಕಾರಣ, ಪ್ರವಾದಿ ಅಹೀಯ ಹೊಸ ನಿಲುವಂಗಿಯನ್ನು ಹನ್ನೆರಡು ತುಂಡು ಮಾಡಿ ಇದನ್ನು ಮೊದಲೇ ಸೂಚಿಸಿದ್ದ. ಆದರೆ ದೇವರ ತೀರ್ಪು ನೆರವೇರಿದ ದಾರಿ ಯಾವುದು ಎಂದು ನೋಡಿದರೆ, ಅರಸ ಜನರ ಮಾತಿಗೆ ಕಿವಿಗೊಡಲಿಲ್ಲ ಎಂದು ಅದೇ ಅಧ್ಯಾಯ ಎರಡು ಸಲ ಹೇಳುತ್ತದೆ. ಒಡೆದದ್ದು ಅಹವಾಲಿನಿಂದಲ್ಲ, ಅಹವಾಲಿಗೆ ಸಿಕ್ಕಿದ ಉತ್ತರದಿಂದ.

ಇಲ್ಲಿ ನನ್ನದೇ ಒಂದು ಅನುಭವವನ್ನು ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಒಂದು ಧರ್ಮಕೇಂದ್ರದಲ್ಲಿ ಹೊಸ ಚರ್ಚ್ ಕಟ್ಟುವ ಕೆಲಸ ನಡೆದಿತ್ತು. ಮನೆಗೆ ಇಷ್ಟೆಂದು ಹಣ ನಿಗದಿಯಾಗಿ, ಕಂತುಗಳ ದಿನಾಂಕವೂ ಗೊತ್ತಾಗಿತ್ತು. ಕಡಲ ಕಡೆಯ ವಾರ್ಡಿನಿಂದ ಆರೇಳು ಮನೆಯವರು ಸಭೆಗೆ ಬಂದರು. ಬೋಟಿನಲ್ಲಿ ಕೂಲಿಗೆ ಹೋಗುವ ಗಂಡಸರು, ಮನೆಯಲ್ಲಿ ಬೀಡಿ ಕಟ್ಟುವ ಹೆಂಗಸರು. ಮಳೆಗಾಲದಲ್ಲಿ ಬೋಟು ಕಡಲಿಗೆ ಇಳಿಯುವುದಿಲ್ಲ, ಆ ಎರಡು ತಿಂಗಳ ಕಂತನ್ನು ಮುಂದೆ ಹಾಕಿ ಎಂದಷ್ಟೇ ಅವರು ಕೇಳಿದರು. ಹಿರಿಯರೊಬ್ಬರು, "ಸ್ವಲ್ಪ ನೋಡುವ, ಅವರು ಕೊಡುವುದಿಲ್ಲ ಅಂತ ಹೇಳಲಿಲ್ಲವಲ್ಲ" ಎಂದರು. ಇನ್ನೊಬ್ಬರು ಎದ್ದು, "ಎಲ್ಲರಿಗೂ ಒಂದೇ ನಿಯಮ ಮಾರಾಯ್ರೆ, ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳ್ತಾರೆ" ಎಂದರು. ಮೇಲೆ ಮಾರ್ಕನ ಆ ವಚನವನ್ನೂ ಹೇಳಿದರು. ಆ ಸಮಿತಿಯಲ್ಲಿ ನಾನೂ ಇದ್ದೆ. ಅವರು ಕೇಳಿದ್ದು ಸರಿಯೆಂದು ನನಗೆ ಗೊತ್ತಿತ್ತು. ಚಹಾ ಬರುವ ಹೊತ್ತಾಗಿತ್ತು, ನಾನು ಬಾಯಿ ಬಿಡಲಿಲ್ಲ. ಇವತ್ತು ಚರ್ಚ್ ಚೆನ್ನಾಗಿ ಎದ್ದು ನಿಂತಿದೆ, ನೋಡಲು ಹೊರ ಊರಿನವರೂ ಬರುತ್ತಾರೆ. ಆ ಮನೆಗಳಲ್ಲಿ ಮೂರು ಮನೆಯವರು ಈಗಲೂ ಬಲಿಪೂಜೆಗೆ ಬರುವುದಿಲ್ಲ.

ಯಾರೊಬ್ಬಾಮನ ಭಯ

ತಪ್ಪೆಲ್ಲ ಒಂದೇ ಕಡೆಯದು ಎಂದು ಪವಿತ್ರ ಗ್ರಂಥ ಹೇಳುವುದಿಲ್ಲ. ಹತ್ತು ಕುಲಗಳು ಯಾರೊಬ್ಬಾಮನನ್ನು ಅರಸನನ್ನಾಗಿ ಮಾಡಿಕೊಂಡವು. ಅವನು ಹಿಂದೆ ಇದೇ ಬಿಟ್ಟಿ ದುಡಿಮೆಯ ಉಸ್ತುವಾರಿ ನೋಡಿದವನು, ಜನರ ನೋವು ಬಲ್ಲವನು. ಅವನ ಕೈಯಲ್ಲಿ ನ್ಯಾಯವಾದ ಕಾರಣವಿತ್ತು. ಆದರೆ ಅಧಿಕಾರ ಕೈಗೆ ಬಂದೊಡನೆ ಅವನಿಗೆ ಭಯ ಹಿಡಿಯಿತು. ಜನರು ಹಬ್ಬಕ್ಕೆಂದು ಜೆರುಸಲೇಮಿಗೆ ಹೋಗುತ್ತಾ ಇದ್ದರೆ ಒಂದು ದಿನ ಮನಸ್ಸೂ ಆ ಕಡೆ ತಿರುಗೀತು! ಅದಕ್ಕೆ ಅವನು ಬೇತೇಲಿನಲ್ಲಿ ಒಂದು, ದಾನಿನಲ್ಲಿ ಒಂದು ಚಿನ್ನದ ಕರುವನ್ನು ನಿಲ್ಲಿಸಿದ. ಲೇವಿ ಕುಲದವರಲ್ಲದವರನ್ನು ಯಾಜಕರನ್ನಾಗಿ ಮಾಡಿದ. ಎಂಟನೆಯ ತಿಂಗಳ ಹದಿನೈದನೆಯ ದಿನಕ್ಕೆ ಹೊಸದೊಂದು ಹಬ್ಬವನ್ನು ತನ್ನ ಮನಸ್ಸಿನಿಂದಲೇ ಹುಟ್ಟಿಸಿದ.

ತೆರಿಗೆಯ ವಿಷಯದಲ್ಲಿ ಹುಟ್ಟಿದ ಜಗಳಕ್ಕೆ ಪೂಜೆಯ ಬಟ್ಟೆ ತೊಡಿಸಿದ್ದು ಹೀಗೆ. ಹೊರೆ ಇಳಿಸಿದ್ದರೆ ಮೊದಲಿನ ಜಗಳ ಮುಗಿಯುತ್ತಿತ್ತು. ಎರಡನೆಯದಕ್ಕೆ ಮದ್ದು ಸಿಗಲಿಲ್ಲ, ಏಕೆಂದರೆ ಅಷ್ಟರಲ್ಲಿ ಮಕ್ಕಳು ಮೊಮ್ಮಕ್ಕಳು ಆ ಹಬ್ಬವನ್ನೇ ನಿಜವಾದ ಹಬ್ಬವೆಂದು ನಂಬಿ ಬೆಳೆದಿದ್ದರು. ಇಲ್ಲದ ವ್ಯತ್ಯಾಸವನ್ನು ನಾಯಕರು ತಮ್ಮ ಭಯದಿಂದ ಹುಟ್ಟಿಸುತ್ತಾರೆ, ಜನರು ಅದನ್ನು ರಕ್ತದಲ್ಲಿ ಬಂದದ್ದೆಂದು ನಂಬುತ್ತಾರೆ.

ಇದು ಮೂರು ಸಾವಿರ ವರ್ಷ ಹಿಂದಿನ ಮಾತು ಎಂದುಕೊಳ್ಳುವವರು ರುವಾಂಡವನ್ನು ನೆನಪಿಸಿಕೊಳ್ಳಬೇಕು. ಆಫ್ರಿಕದ ಆ ಪುಟ್ಟ ದೇಶದಲ್ಲಿ ಹುಟುಗಳೂ ಟುಟ್ಸಿಗಳೂ ಆಡುವ ಭಾಷೆ ಒಂದೇ, ಹೆಚ್ಚಿನವರು ಕಥೋಲಿಕರು, ಒಂದೇ ಚರ್ಚಿನ ಒಂದೇ ಬೆಂಚಿನಲ್ಲಿ ಕುಳಿತವರು. 1930ರ ದಶಕದಲ್ಲಿ ಬೆಲ್ಜಿಯಂ ಆಡಳಿತ ಪ್ರತಿಯೊಬ್ಬರ ಗುರುತುಚೀಟಿಯಲ್ಲಿ ಹುಟು ಅಥವಾ ಟುಟ್ಸಿ ಎಂದು ಬರೆಯಿಸಿತು. 1994ರ ಏಪ್ರಿಲ್‌ನಿಂದ ಸುಮಾರು ನೂರು ದಿನ ನಡೆದ ಕೊಲೆಗಳಲ್ಲಿ ರಸ್ತೆಯ ತಡೆಗಟ್ಟೆಗಳಲ್ಲಿ ಕೇಳುತ್ತಿದ್ದದ್ದು ಆ ಚೀಟಿಯನ್ನೇ. ಲಕ್ಷಾಂತರ ಜನ ಸತ್ತರು. ಆಶ್ರಯ ಬಯಸಿ ಚರ್ಚುಗಳಿಗೆ ಓಡಿಬಂದವರನ್ನು ಚರ್ಚುಗಳ ಒಳಗೇ ಕೊಂದರು. ನ್ಯಮಾಟ, ನ್ಟರಾಮದ ಚರ್ಚುಗಳು ಇಂದು ಸ್ಮಾರಕಗಳು. ಧರ್ಮಸಭೆಯ ಮಕ್ಕಳು, ಧರ್ಮಗುರುಗಳು ಮತ್ತು ಧಾರ್ಮಿಕ ಸಹೋದರ ಸಹೋದರಿಯರು ಸಹಿತ, ಆ ಪಾಪದಲ್ಲಿ ಭಾಗಿಯಾದದ್ದಕ್ಕೆ ಪೋಪ್ ಫ್ರಾನ್ಸಿಸರು 2017ರ ಮಾರ್ಚ್‌ನಲ್ಲಿ ದೇವರ ಕ್ಷಮೆ ಬೇಡಿದರು. ಜ್ಞಾನಸ್ನಾನದ ನೀರಿಗಿಂತ ಆ ಚೀಟಿಯ ಶಾಯಿ ಗಟ್ಟಿಯಾಗಿತ್ತು ಎನ್ನದೆ ವಿಧಿಯಿಲ್ಲ.

ಅದೇ ದೇಶದಲ್ಲಿ, 1997ರ ಮಾರ್ಚ್ 18ರಂದು, ನ್ಯಾಂಗೆ ಎಂಬಲ್ಲಿನ ಪ್ರೌಢಶಾಲೆಗೆ ಬಂದೂಕುಧಾರಿಗಳು ನುಗ್ಗಿ ಹುಟು ಮಕ್ಕಳು ಒಂದು ಕಡೆ, ಟುಟ್ಸಿ ಮಕ್ಕಳು ಒಂದು ಕಡೆ ನಿಲ್ಲಿ ಎಂದರು. ಮಕ್ಕಳು ಬೇರೆಯಾಗಲಿಲ್ಲ, ನಾವು ರುವಾಂಡದವರು ಎಂದಷ್ಟೇ ಹೇಳಿದರು. ಹಲವರು ಅಲ್ಲೇ ಪ್ರಾಣ ಬಿಟ್ಟರು.

ಮೂರನೆಯವನ ಲಾಭ

ಒಡೆದ ಇಸ್ರಯೇಲಿಗೆ ಮುಂದೆ ಏನಾಯಿತು ಎಂಬುದು ದೀರ್ಘವಾದ ಕಥೆ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂಬ ನಮ್ಮ ಗಾದೆಯಲ್ಲಿ ಅದರ ಸಾರವಿದೆ. ರೆಹಬ್ಬಾಮನ ಐದನೆಯ ವರ್ಷದಲ್ಲೇ ಈಜಿಪ್ಟಿನ ಅರಸ ಶೀಶಕ ದಂಡೆತ್ತಿ ಬಂದು ದೇವಾಲಯದ ಭಂಡಾರವನ್ನೂ ಸೊಲೊಮೋನನ ಚಿನ್ನದ ಗುರಾಣಿಗಳನ್ನೂ ಹೊತ್ತೊಯ್ದ. ರೆಹಬ್ಬಾಮ ಅವುಗಳ ಬದಲಿಗೆ ಕಂಚಿನ ಗುರಾಣಿಗಳನ್ನು ಮಾಡಿಸಿದ. ಮೆರವಣಿಗೆ ಮಾತ್ರ ಮೊದಲಿನಂತೆ ನಡೆಯಿತು. ಅವನ ಮೊಮ್ಮಗ ಆಸ, ಇಸ್ರಯೇಲಿನ ಅರಸನನ್ನು ಹಿಮ್ಮೆಟ್ಟಿಸಲು ದೇವಾಲಯದಲ್ಲಿ ಉಳಿದಿದ್ದ ಬೆಳ್ಳಿಬಂಗಾರವನ್ನು ದಮಾಸ್ಕದ ಅರಸನಿಗೆ ಕಳುಹಿಸಿದ. ಆ ಹಣದಿಂದ ಹಾಳಾದದ್ದು ಉತ್ತರದ ನಫ್ತಾಲಿ ಕುಲದ ಊರುಗಳು, ಅಂದರೆ ಆಸನ ಅಣ್ಣತಮ್ಮಂದಿರ ಊರುಗಳು. ಸುಮಾರು ನೂರೈವತ್ತು ವರ್ಷಗಳ ಬಳಿಕ ಆಹಾಜನೂ ಅದನ್ನೇ ಮಾಡಿದ. ಈ ಸಲ ಕರೆದದ್ದು ಅಸ್ಸೀರಿಯವನ್ನು. ಕರೆದಾಗ ಬಂದ ಅಸ್ಸೀರಿಯ, ಹೋಗು ಎಂದಾಗ ಹೋಗಲಿಲ್ಲ. ಕ್ರಿಸ್ತಪೂರ್ವ 722ರ ಹೊತ್ತಿಗೆ ಸಮಾರಿಯ ಬಿದ್ದು ಉತ್ತರದ ರಾಜ್ಯವೇ ಅಳಿಯಿತು.

ಈ ನಡುವೆ ಒಂದು ಒಳ್ಳೆಯ ಗಳಿಗೆಯೂ ಇತ್ತು, ನಾವು ಅದನ್ನು ಗಮನಿಸುವುದು ಕಡಿಮೆ. ಶೆಕೆಮಿನಿಂದ ಓಡಿಬಂದ ರೆಹಬ್ಬಾಮ 1,80,000 ಸೈನಿಕರನ್ನು ಸೇರಿಸಿ ಯುದ್ಧಕ್ಕೆ ಸಿದ್ಧನಾದಾಗ ಶೆಮಾಯ ಎಂಬ ಪ್ರವಾದಿ ಬಂದು, ನಿಮ್ಮ ಸಹೋದರರ ಮೇಲೆ ಯುದ್ಧಕ್ಕೆ ಹೋಗಬೇಡಿ, ಮನೆಗೆ ಹಿಂದಿರುಗಿ ಎಂದು ದೇವರ ಹೆಸರಿನಲ್ಲಿ ಹೇಳಿದ. ಅವರು ಹಿಂದಿರುಗಿದರು. ರಾಜ್ಯ ಎರಡಾದ ಮೇಲೂ ಪ್ರವಾದಿ ಬಳಸಿದ ಪದ 'ಸಹೋದರರು'. ಬಲದಿಂದ ಒಂದು ಮಾಡುವುದು ದೇವರಿಗೆ ಬೇಕಿರಲಿಲ್ಲ.

ಬಾಬೆಲಿನ ಕಥೆಯಲ್ಲಿಯೂ (ಆದಿಕಾಂಡ 11) ಇದೇ ಸೂಚನೆ ಇದೆ. ಅಲ್ಲಿ ಎಲ್ಲರೂ ಒಂದೇ ಮಾತಿನವರು, ಒಂದೇ ಮನಸ್ಸಿನವರು. ಸೇರಿ ಗೋಪುರ ಕಟ್ಟಿ ಹೆಸರು ಮಾಡಲು ಹೊರಟಿದ್ದರು. ಆ ಐಕ್ಯವನ್ನು ದೇವರೇ ಚದರಿಸಿದರು. ಪಂಚಾಶತ್ತಮ ಹಬ್ಬದಂದು ಪವಿತ್ರಾತ್ಮರು ಇಳಿದುಬಂದಾಗ ಜನರಿಗೆ ಒಂದೇ ಭಾಷೆ ಕೊಡಲಿಲ್ಲ, ಪ್ರತಿಯೊಬ್ಬರೂ ತಂತಮ್ಮ ಭಾಷೆಯಲ್ಲಿ ಕೇಳಿಸಿಕೊಂಡರು. ಪೂಜೆಯ ಭಾಷೆಯ ವಿಷಯದಲ್ಲಿ ನಮ್ಮ ರಾಜ್ಯದ ಧರ್ಮಸಭೆಯಲ್ಲಿ ದಶಕಗಳ ಕಾಲ ನಡೆದ ಜಗಳವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾನು ತಂದದ್ದು ಶಾಂತಿಯನ್ನಲ್ಲ, ಭೇದವನ್ನು ಎಂದು ಪ್ರಭುವೇ ಒಮ್ಮೆ ಹೇಳಿದ್ದುಂಟು (ಲೂಕ 12:51). ಸತ್ಯಕ್ಕಾಗಿ ಬರುವ ಭೇದ ಅದು. ಅಂತಿಯೋಕ್ಯದಲ್ಲಿ ಅನ್ಯಜನಾಂಗದ ಕ್ರೈಸ್ತರ ಜೊತೆ ಊಟಕ್ಕೆ ಕೂರುವುದನ್ನು ಪೇತ್ರರು ಹಿಂಜರಿದು ಬಿಟ್ಟಾಗ ಪೌಲರು ಎಲ್ಲರೆದುರು ಅವರನ್ನು ತಡೆದು ನಿಂತರು. ಪೌಲರು ಅಂದು ಸುಮ್ಮನಿದ್ದಿದ್ದರೆ ಸಭೆಯಲ್ಲಿ ಶಾಂತಿ ಇರುತ್ತಿತ್ತು, ಎರಡು ಪಂಕ್ತಿಗಳೂ ಇರುತ್ತಿದ್ದವು.

ಜೆರುಸಲೇಮಿನ ವಿಧವೆಯರು

ಶೆಕೆಮಿಗೆ ಎದುರಾಗಿ ಇಟ್ಟು ಓದಬೇಕಾದ ಅಧ್ಯಾಯ ಪ್ರೇಷಿತರ ಕಾರ್ಯಕಲಾಪಗಳ 6ನೆಯದು. ಆರಂಭದ ಸಭೆಯಲ್ಲಿ ಎಲ್ಲರೂ ಒಂದೇ ಮನಸ್ಸಿನವರು ಎಂದು ನಾವು ಪ್ರವಚನಗಳಲ್ಲಿ ಕೇಳಿರುತ್ತೇವೆ. ಆದರೆ ಅಲ್ಲೂ ಗೊಣಗಾಟ ಎದ್ದಿತು. ದಿನನಿತ್ಯ ಹಂಚುವ ಆಹಾರದಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ಸರಿಯಾಗಿ ಸಿಗುತ್ತಿಲ್ಲ, ಹೀಬ್ರೂ ಮಾತಿನವರಿಗೆ ಸಿಗುತ್ತಿದೆ ಎಂಬ ದೂರು. ಭಾಷೆ, ಬಡತನ, ಹೆಂಗಸರು, ಅದರ ಮೇಲೆ ಹಂಚುವವರ ಪಕ್ಷಪಾತದ ಗುಮಾನಿ. ಒಂದು ಸಂಸ್ಥೆ ಒಡೆಯಲು ಬೇಕಾದ ಸಾಮಗ್ರಿ ಎಲ್ಲವೂ ಅಲ್ಲಿ ಇತ್ತು.

ಪ್ರೇಷಿತರು ಏನು ಮಾಡಿದರು? ಸಭೆಯ ಹೆಸರು ಕೆಡಿಸಬೇಡಿ ಎನ್ನಲಿಲ್ಲ. ದೂರು ಹೇಳಿದವರು ಯಾರೆಂದು ಹುಡುಕಲಿಲ್ಲ. ಎಲ್ಲರನ್ನೂ ಕರೆದು, ಏಳು ಮಂದಿಯನ್ನು ನೀವೇ ಆರಿಸಿ ಎಂದರು. ಆರಿಸಿದವರ ಹೆಸರುಗಳನ್ನು ಓದಿ: ಸ್ತೇಫನ, ಫಿಲಿಪ್ಪ, ಪ್ರೊಖೋರ, ನಿಕಾನೋರ, ತಿಮೋನ, ಪರ್ಮೇನ, ನಿಕೊಲಾಸ. ಏಳೂ ಗ್ರೀಕ್ ಹೆಸರುಗಳು. ಆ ಕಾಲದಲ್ಲಿ ಯೆಹೂದ್ಯರು ಗ್ರೀಕ್ ಹೆಸರು ಇಟ್ಟುಕೊಳ್ಳುವುದು ಇತ್ತು, ಆದ್ದರಿಂದ ಹೆಸರಿನಿಂದಲೇ ಎಲ್ಲವನ್ನೂ ನಿರ್ಧರಿಸಲಾಗದು. ಆದರೂ ಏಳಕ್ಕೆ ಏಳೂ ಹಾಗಿರುವಾಗ ಅರ್ಥ ಸ್ಪಷ್ಟವಾಗಿದೆ. ಯಾರಿಗೆ ಅನ್ಯಾಯವಾಗಿತ್ತೋ ಅವರ ಕಡೆಯವರ ಕೈಗೇ ಸಭೆ ಅನ್ನದ ಸೌಟನ್ನು ಕೊಟ್ಟಿತು. ನಮ್ಮಲ್ಲಿ ಇಂಥ ದೂರು ಬಂದರೆ ಹೆಚ್ಚೆಂದರೆ ಒಬ್ಬ ಪ್ರತಿನಿಧಿಯನ್ನು ಸಮಿತಿಗೆ ಸೇರಿಸಿಕೊಂಡೇವು.

ಕೊರಿಂಥದಲ್ಲಿ ಹೀಗಾಗಲಿಲ್ಲ. ನಾನು ಪೌಲನವನು, ನಾನು ಅಪೊಲ್ಲೋಸನವನು, ನಾನು ಕೇಫನವನು ಎಂಬ ಪಂಗಡಗಳ ಬಗ್ಗೆ ಪೌಲರು ಪತ್ರದ ಆರಂಭದಲ್ಲೇ ಬರೆಯುತ್ತಾರೆ. ಪಂಗಡಗಳ ಹೆಸರು ಎಲ್ಲರಿಗೂ ನೆನಪಿರುತ್ತದೆ. 11ನೆಯ ಅಧ್ಯಾಯದಲ್ಲಿ ಅದೇ ಒಡಕು ಊಟದ ಮೇಜಿನಲ್ಲಿ ಕಾಣಿಸಿಕೊಳ್ಳುವುದು ಮಾತ್ರ ನೆನಪಿರುವುದಿಲ್ಲ. ಪ್ರಭುವಿನ ಭೋಜನಕ್ಕೆ ಸೇರಿದಾಗ ಉಳ್ಳವರು ಮೊದಲೇ ಉಂಡು ಕುಡಿದು ತೇಗುತ್ತಾರೆ, ದುಡಿದು ತಡವಾಗಿ ಬಂದವರು ಹಸಿದಿರುತ್ತಾರೆ. ಅದು ಪ್ರಭುವಿನ ಭೋಜನವೇ ಅಲ್ಲ ಎನ್ನುತ್ತಾರೆ ಪೌಲರು. ಪರಮಪ್ರಸಾದದ ಸ್ಥಾಪನೆಯ ಬಗ್ಗೆ ನಮಗೆ ದೊರೆತಿರುವ ಅತ್ಯಂತ ಹಳೆಯ ಬರಹ ಈ ಜಗಳದ ನಡುವೆಯೇ ಬಂದಿದೆ.

ನಮ್ಮ ಕರಾವಳಿಯ ಒಂದು ಗಾಯ

ನಮ್ಮ ಊರುಗಳಿಗೂ ಇಂಥ ಒಂದು ಕಥೆ ಇದೆ. ಪೋರ್ಚುಗಲ್ ಅರಸರ ಪದ್ರುವಾದೊ ಹಕ್ಕು ಮತ್ತು ರೋಮಿನ ಪ್ರೊಪಗಾಂಡ ಆಡಳಿತಗಳ ನಡುವಿನ ವಿವಾದ ಭಾರತದ ಧರ್ಮಸಭೆಯನ್ನು ಬಹುಕಾಲ ಕಾಡಿತು. 1838ರಲ್ಲಿ ಪೋಪ್ 16ನೇ ಗ್ರೆಗೊರಿಯವರು ಭಾರತದಲ್ಲಿ ಪದ್ರುವಾದೊ ಅಧಿಕಾರವನ್ನು ಮೊಟಕುಗೊಳಿಸಿದ ಬಳಿಕ ಕೆನರಾದ ಕಥೋಲಿಕರೂ ಗೋವೆಯ ಕಡೆ, ರೋಮಿನ ಕಡೆ ಎಂದು ಎರಡಾದರು. ವಿಶ್ವಾಸ ಒಂದೇ, ಪೂಜೆ ಒಂದೇ, ಕೊಂಕಣಿ ಮಾತೂ ಒಂದೇ. ಬೇರೆಯಾಗಿದ್ದದ್ದು ಯಾರ ಆಜ್ಞೆ ಎಂಬುದು ಮಾತ್ರ. 1886ರಲ್ಲಿ ಪೋಪ್ 13ನೇ ಲಿಯೋ ಅವರಿಗೂ ಪೋರ್ಚುಗಲ್‌ಗೂ ಒಪ್ಪಂದವಾಗಿ, ಮಂಗಳೂರು ಸ್ವತಂತ್ರ ಧರ್ಮಪ್ರಾಂತ್ಯವಾಯಿತು.

ಕಾಗದದ ಮೇಲೆ ಜಗಳ ಮುಗಿಯಿತು. ಆದರೆ ಬ್ರಹ್ಮಾವರದ ಕಡೆಯ ಕೆಲವು ಕುಟುಂಬಗಳು ಗೋವೆಯೊಂದಿಗಿನ ತಮ್ಮ ನಂಟು ಕಡಿಯುವುದನ್ನು ಒಪ್ಪಲಿಲ್ಲ. ಗೋವೆಯ ಧರ್ಮಗುರು ಆಲ್ವಾರಿಸರು 1889ರಲ್ಲಿ ಮಲಂಕರ ಸಭೆಯ ಮೆತ್ರಾನರಿಂದ ಧರ್ಮಾಧ್ಯಕ್ಷ ದೀಕ್ಷೆ ಪಡೆದಾಗ ಈ ಕುಟುಂಬಗಳು ಅವರೊಂದಿಗೆ ನಡೆದವು. ಇಂದು ಬ್ರಹ್ಮಾವರದಲ್ಲಿ ಕಾಣುವ ಆರ್ಥೊಡಾಕ್ಸ್ ಪ್ರಧಾನಾಲಯ ಆ ಪರಂಪರೆಯದು. 2010ರಲ್ಲಿ ಮಲಂಕರ ಆರ್ಥೊಡಾಕ್ಸ್ ಸಭೆ ಬ್ರಹ್ಮಾವರದ ಹೆಸರಿನಲ್ಲೇ ಒಂದು ಧರ್ಮಪ್ರಾಂತ್ಯವನ್ನು ರಚಿಸಿತು. ಅಲ್ಲಿನವರು ನಮ್ಮ ನೆರೆಯವರು, ಬಂಧುಗಳು. ತಪ್ಪು ಯಾರದು ಎಂದು ತೀರ್ಪು ಕೊಡುವುದು ಈ ಲೇಖನದ ಕೆಲಸವಲ್ಲ. ರೋಮಿಗೂ ಲಿಸ್ಬನ್ನಿಗೂ ನಡುವೆ ಆದ ಒಪ್ಪಂದ ತಮ್ಮ ಊರಿನ ಚರ್ಚಿಗೆ ಬಂದು ಮುಟ್ಟಿದಾಗ ಆ ಮನೆಗಳ ಹಿರಿಯರನ್ನು ಯಾರಾದರೂ ಕುಳ್ಳಿರಿಸಿ ಕೇಳಿದ್ದರೇ ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಡುವುದಿಲ್ಲ.

ಸಮಾರಿಯದ ದಾರಿ

ಕೊನೆಗೆ ಮತ್ತೆ ಶೆಕೆಮಿಗೆ ಬರೋಣ. ರಾಜ್ಯ ಒಡೆದ ಆ ಊರು ಸಮಾರಿಯ ಸೀಮೆಯಲ್ಲಿದೆ. ಪ್ರಭು ಯೇಸು ದಣಿದು ಬಾವಿಯ ಬಳಿ ಕುಳಿತು ಸಮಾರಿಯದ ಹೆಂಗಸಿನಿಂದ ನೀರು ಕೇಳಿದ ಸಿಕಾರ್ ಅದರ ಸಮೀಪದ್ದೇ. ಅಷ್ಟರಲ್ಲಿ ಒಡಕಿಗೆ ಒಂಬೈನೂರು ವರ್ಷಕ್ಕಿಂತ ಹೆಚ್ಚು ವಯಸ್ಸಾಗಿತ್ತು. ಯೆಹೂದ್ಯರೂ ಸಮಾರಿಯದವರೂ ಒಂದೇ ಪಾತ್ರೆಯಿಂದ ನೀರು ಕುಡಿಯುತ್ತಿರಲಿಲ್ಲ.

ಪ್ರಭು ಜೆರುಸಲೇಮಿಗೆ ಹೊರಟಿದ್ದಾಗ ಸಮಾರಿಯದ ಒಂದು ಹಳ್ಳಿಯವರು ಅವರಿಗೆ ತಂಗಲು ಜಾಗ ಕೊಡಲಿಲ್ಲ. ಆಕಾಶದಿಂದ ಬೆಂಕಿ ಸುರಿಸಿ ಇವರನ್ನು ಸುಟ್ಟುಬಿಡೋಣವೇ ಎಂದು ಯಕೋಬ ಮತ್ತು ಯೊವಾನ್ನ ಕೇಳಿದರು. ಪ್ರಭು ಅವರನ್ನು ಗದರಿಸಿದರು (ಲೂಕ 9:54-55). ಅದಾಗಿ ಕೆಲವು ವರ್ಷಗಳಲ್ಲಿ, ವಿಧವೆಯರ ಊಟದ ಉಸ್ತುವಾರಿಗೆಂದು ಆರಿಸಿದ ಏಳು ಮಂದಿಯಲ್ಲಿ ಒಬ್ಬನಾದ ಫಿಲಿಪ್ಪ ಸಮಾರಿಯಕ್ಕೆ ಹೋಗಿ ಶುಭಸಂದೇಶ ಸಾರಿದ. ಜನರು ನಂಬಿ ಜ್ಞಾನಸ್ನಾನ ಪಡೆದರು. ಸುದ್ದಿ ಜೆರುಸಲೇಮಿಗೆ ಮುಟ್ಟಿದಾಗ ಪ್ರೇಷಿತರು ಇಬ್ಬರನ್ನು ಅಲ್ಲಿಗೆ ಕಳುಹಿಸಿದರು. ಒಬ್ಬರು ಪೇತ್ರ. ಇನ್ನೊಬ್ಬರು, ಬೆಂಕಿ ಸುರಿಸೋಣವೇ ಎಂದು ಕೇಳಿದ್ದ ಅದೇ ಯೊವಾನ್ನ. ಇಬ್ಬರೂ ಸಮಾರಿಯದವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು, ಅವರು ಪವಿತ್ರಾತ್ಮರನ್ನು ಪಡೆದರು. ಜೆರುಸಲೇಮಿಗೆ ಹಿಂದಿರುಗುವ ದಾರಿಯಲ್ಲಿ ಸಮಾರಿಯದ ಅನೇಕ ಹಳ್ಳಿಗಳಲ್ಲಿ ನಿಂತು ಶುಭಸಂದೇಶ ಸಾರುತ್ತಾ ಹೋದರು.